ಸ್ತನದ ಗಂಟಿಗೆ ಸೂಜಿ ಪರೀಕ್ಷೆ: ಎಫ್‌ಎನ್‌ಎಸಿ, ಟ್ರುಕಟ್, ವ್ಯಾಕ್ಯೂಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿ, ಮುಲುಂಡ್, ಮಾಟುಂಗಾ, ಪುಣೆ, ವಾಸ್ಕೊ ಕಡೆಯ ಕನ್ನಡದ ಮನೆಗಳಿಂದ ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಡಾಕ್ಟರು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳುತ್ತಾರೆ, ರಿಪೋರ್ಟು ಇಂಗ್ಲಿಷಿನಲ್ಲಿ ಬರುತ್ತದೆ. ನಡುವೆ ಅರ್ಥವಾಗದೆ ಉಳಿಯುವುದು ಬಹಳ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಊರಿನಲ್ಲಿ ‘ಸ್ಕ್ಯಾನಿಂಗ್’ ಅನ್ನುವುದನ್ನು ಇಲ್ಲಿ ಎಲ್ಲರೂ ‘ಸೋನೋಗ್ರಫಿ’ ಅನ್ನುವುದರಿಂದ ನಾವೂ ಹಾಗೇ ಬರೆದಿದ್ದೇವೆ.

## ಮೊದಲ ಪ್ರಶ್ನೆಗಳು

ಡಾಕ್ಟರು "ಸೂಜಿ ಹಾಕಿ ನೋಡೋಣ" ಅಂದರು. ಅಂದರೆ ಕ್ಯಾನ್ಸರ್ ಅಂತ ಅವರಿಗೆ ಆಗಲೇ ಗೊತ್ತಾಗಿದೆಯಾ?

ಇಲ್ಲ. ಕೈಯಿಂದ ಮುಟ್ಟಿ ನೋಡಿದರೂ ಚಿತ್ರ ತೆಗೆದರೂ ಅನುಮಾನ ಎಷ್ಟಿದೆ ಎಂದು ಹೇಳಬಹುದೇ ಹೊರತು ಗಂಟು ಏನೆಂದು ಖಚಿತವಾಗಿ ಹೇಳಲಾಗದು. ಸೂಜಿ ಹಾಕಿಸಿಕೊಂಡ ಬಹಳಷ್ಟು ಹೆಂಗಸರಲ್ಲಿ ಸಿಗುವುದು ಫೈಬ್ರೊಅಡಿನೋಮ, ನೀರುಗುಳ್ಳೆಯಂಥ ಸಾದಾ ತೊಂದರೆ. ಮುಟ್ಟಿ ನೋಡಿದ್ದು, ಚಿತ್ರ, ಸೂಜಿ ಈ ಮೂರನ್ನೂ ಸೇರಿಸಿ ನೋಡುವುದಕ್ಕೆ ಟ್ರಿಪಲ್ ಅಸೆಸ್‌ಮೆಂಟ್ ಎನ್ನುತ್ತಾರೆ. ಮೂರೂ ಒಂದೇ ಮಾತು ಹೇಳಿದರೆ ನಂಬಬಹುದು. ಒಂದು ಬೇರೆ ಹೇಳಿತೆಂದರೆ ಕೆಲಸ ಇನ್ನೂ ಮುಗಿದಿಲ್ಲ.

ಎಫ್‌ಎನ್‌ಎಸಿ, ಟ್ರುಕಟ್, ವ್ಯಾಕ್ಯೂಮ್ ಅಂತ ಮೂರು ಹೆಸರು ಹೇಳಿದರು. ಮೂರೂ ಸೂಜಿನೇ ತಾನೆ?

ಮೂರೂ ಸೂಜಿಯೇ. ಆದರೆ ಹೊರಗೆ ಬರುವ ವಸ್ತು ಬೇರೆ. ಸೂಜಿಯ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣದು.

ಎಫ್‌ಎನ್‌ಎಸಿಗೆ 22ರಿಂದ 25 ಗೇಜ್, ಅಂದರೆ ರಕ್ತ ತೆಗೆಯುವ ಸೂಜಿಯಷ್ಟೇ ಅಥವಾ ಅದಕ್ಕಿಂತ ಸಣ್ಣದು. 10 ಮಿಲಿ ಸಿರಿಂಜಿಗೆ ಸಿಕ್ಕಿಸಿ ಗಂಟಿನೊಳಗೆ ಹಿಂದೆ ಮುಂದೆ ಆಡಿಸಿ, ಬಂದ ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಹರಡುತ್ತಾರೆ. ಸಿಗುವುದು ಬಿಡಿಬಿಡಿ ಕೋಶಗಳು.

ಕೋರ್ ಬಯಾಪ್ಸಿಗೆ ನಮ್ಮಲ್ಲಿ ಹಳೆಯ ರೂಢಿಯಿಂದ ‘ಟ್ರುಕಟ್’ ಎನ್ನುತ್ತಾರೆ. ಸಾಮಾನ್ಯವಾಗಿ 14 ಗೇಜ್ ಸೂಜಿ, ಸುಮಾರು 2 ಮಿಮೀ ದಪ್ಪ, ಸ್ಪ್ರಿಂಗ್ ಇರುವ ಗನ್ನಿನಲ್ಲಿ ಕೂಡಿಸಿದ್ದು. ವಾಶಿಯ ಮಾರ್ಕೆಟ್ಟಿನಲ್ಲಿ ಅಕ್ಕಿ ಚೀಲಕ್ಕೆ ಕೊಳವೆ ಚುಚ್ಚಿ ಮಾದರಿ ತೆಗೆಯುತ್ತಾರಲ್ಲ, ಹಾಗೆ. ಶಾವಿಗೆ ಎಳೆಯಂಥ ಮಾಂಸದ ತುಂಡು ಬರುತ್ತದೆ. ಕೋಶಗಳು ಒಂದರ ಪಕ್ಕ ಒಂದು ಹೇಗೆ ಕೂತಿದ್ದವೋ ಹಾಗೇ ಉಳಿದಿರುತ್ತವೆ.

ವ್ಯಾಕ್ಯೂಮ್ ಬಯಾಪ್ಸಿಯ ಸೂಜಿ ಇನ್ನೂ ದಪ್ಪ, 7ರಿಂದ 11 ಗೇಜ್. ಒಂದೇ ಸಲ ಒಳಗೆ ಹಾಕಿ, ಯಂತ್ರ ಮಾಂಸವನ್ನು ಸೂಜಿಯ ಬಾಯಿಗೆ ಎಳೆದು, ಕತ್ತರಿಸಿ, ಹೊರಗೆ ಕಳಿಸುತ್ತದೆ. ಸೂಜಿಯನ್ನು ಸುತ್ತ ತಿರುಗಿಸುತ್ತಾ ಹತ್ತು ಹನ್ನೆರಡು ತುಂಡು ತೆಗೆಯಬಹುದು. 11 ಗೇಜಿನ ಒಂದು ತುಂಡು 14 ಗೇಜಿನ ಕೋರ್‌ನ ಸುಮಾರು ಐದು ಪಟ್ಟು ತೂಗುತ್ತದೆ.

ಗಂಟಿಗೆ ಸೂಜಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತೆ ಅಂತ ಅತ್ತೆ ಬೇಡವೇ ಬೇಡ ಅಂತಿದ್ದಾರೆ. ಏನು ಹೇಳಲಿ?

ಅತ್ತೆಯವರ ಭಯ ಬುಡವಿಲ್ಲದ್ದಲ್ಲ. ಸೂಜಿ ಹೋದ ದಾರಿಯಲ್ಲಿ ಕೆಲವು ಕೋಶಗಳು ಸರಿದಿರುವುದು ಸೂಕ್ಷ್ಮದರ್ಶಕದಲ್ಲಿ ಕಂಡದ್ದುಂಟು. ಅವುಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಸೂಜಿ ಪರೀಕ್ಷೆ ಮಾಡಿಸಿಕೊಂಡದ್ದರಿಂದ ಆಯುಸ್ಸು ಕಡಿಮೆಯಾಗುತ್ತದೆ ಎಂದು ತೋರಿಬಂದಿಲ್ಲ. ಹರಡುವುದು ಪರೀಕ್ಷೆ ಮಾಡಿಸದೆ ಕಳೆದ ತಿಂಗಳುಗಳಲ್ಲಿ. ಈ ಮಾತನ್ನು ಮನೆಯವರು ಹೇಳುವುದಕ್ಕಿಂತ ಡಾಕ್ಟರೇ ಅತ್ತೆಯವರ ಎದುರು ಕೂತು ಹೇಳಿದರೆ ಒಳ್ಳೆಯದು. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಸೂಜಿ ಗೀಜಿ ಯಾಕೆ, ಗಂಟನ್ನೇ ತೆಗೆಸಿಬಿಟ್ಟರೆ ಆಗಲ್ವಾ?

ಇದನ್ನು ನಾವು ಗಟ್ಟಿಯಾಗಿಯೇ ಬೇಡ ಅನ್ನುತ್ತೇವೆ. ಗಂಟು ಏನೆಂದು ತಿಳಿಯದೆ ಕೊಯ್ದರೆ, ಅದು ಕ್ಯಾನ್ಸರ್ ಆಗಿದ್ದಾಗ ಅಂಚಿನಲ್ಲಿ ಉಳಿದುಬಿಡುತ್ತದೆ, ಎರಡನೇ ಆಪರೇಷನ್ ಬೇಕಾಗುತ್ತದೆ. ಮೊದಲು ಕೀಮೋ ಕೊಟ್ಟು ಗಂಟು ಕುಗ್ಗುತ್ತದೆಯೇ ಎಂದು ನೋಡುವ ಅವಕಾಶ ಹೋಗುತ್ತದೆ. ಗಾಯದ ಗೆರೆ ತಪ್ಪು ದಿಕ್ಕಿನಲ್ಲಿದ್ದರೆ ಸ್ತನ ಉಳಿಸುವುದೂ ಕಷ್ಟ. ಇದಕ್ಕಿಂತ ಕೆಟ್ಟದ್ದು, ತೆಗೆದ ಗಂಟನ್ನು ಲ್ಯಾಬಿಗೇ ಕಳಿಸದೆ ಎಸೆದುಬಿಡುವುದು. ಸ್ತನದಿಂದ ತೆಗೆದ ಯಾವ ತುಂಡೂ ಪೆಥಾಲಜಿ ರಿಪೋರ್ಟ್ ಇಲ್ಲದೆ ಹೋಗಬಾರದು. ಸೂಜಿಯ ನಂತರವೂ ಅನುಮಾನ ಉಳಿದರೆ ಆಗ ಕೊಯ್ದು ತೆಗೆಯುವುದು ಸರಿ.

## ಪರೀಕ್ಷೆಯ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಅಮ್ಮ ಎಕೋಸ್ಪ್ರಿನ್ ತಗೋತಾರೆ, ನಿಲ್ಲಿಸಬೇಕಾ?

ಉಪವಾಸ ಬೇಡ. ಮರಗಟ್ಟಿಸುವ ಇಂಜೆಕ್ಷನ್ ಮಾತ್ರ ಕೊಡುವುದರಿಂದ ತಿಂದುಕೊಂಡೇ ಹೋಗಬೇಕು. ಸಕ್ಕರೆ ಕಾಯಿಲೆ ಇದ್ದವರಂತೂ ಮಾತ್ರೆ, ತಿಂಡಿ ಎರಡನ್ನೂ ತಪ್ಪಿಸಬಾರದು.

ಎಕೋಸ್ಪ್ರಿನ್‌ನಂಥ ಆಸ್ಪಿರಿನ್ ಮಾತ್ರೆಯನ್ನು ಕೋರ್ ಬಯಾಪ್ಸಿಗಾಗಿ ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ಅಸಿಟ್ರೋಮ್, ವಾರ್ಫರಿನ್ ಎಂಬ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಇತ್ತೀಚಿನ ಐಎನ್‌ಆರ್ ರಿಪೋರ್ಟ್ ಒಯ್ಯಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಯಾವ ಮಾತ್ರೆಯನ್ನೂ ಬಿಡಬೇಡಿ. ಬಯಾಪ್ಸಿಯಲ್ಲಿ ಸ್ವಲ್ಪ ಹೆಚ್ಚು ರಕ್ತ ಬಂದರೆ ಒತ್ತಿ ನಿಲ್ಲಿಸಬಹುದು, ಸ್ಟೆಂಟ್ ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ. ವ್ಯಾಕ್ಯೂಮ್‌ನಲ್ಲಿ ರಕ್ತ ಹೆಚ್ಚು ಹೋಗುವುದರಿಂದ ಮಾತ್ರೆಗಳ ಪಟ್ಟಿಯನ್ನು ಒಂದು ವಾರ ಮೊದಲೇ ತೋರಿಸಿ.

ಮುಂದೆ ಗುಂಡಿ ಇರುವ ಬಟ್ಟೆ ಹಾಕಿಕೊಳ್ಳಿ. ಮ್ಯಾಮೊಗ್ರಫಿ ಯಂತ್ರದಲ್ಲಿ ಮಾಡುವುದಿದ್ದರೆ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಬೇಡ. ಅವು ಚಿತ್ರದಲ್ಲಿ ಸುಣ್ಣದ ಚುಕ್ಕೆಯಂತೆ ಕಾಣುತ್ತವೆ.

ಎಷ್ಟು ನೋಯುತ್ತೆ? ಒಳಗೆ ಏನೇನು ಮಾಡ್ತಾರೆ ಅಂತ ಮೊದಲೇ ಗೊತ್ತಾದರೆ ಧೈರ್ಯ ಬರುತ್ತೆ.

ಸೋನೋಗ್ರಫಿ ನೋಡುತ್ತಾ ಮಾಡುವ ಕೋರ್ ಬಯಾಪ್ಸಿಯನ್ನೇ ಹಂತ ಹಂತವಾಗಿ ಹೇಳುತ್ತೇವೆ. ಗಂಟಿರುವ ಬದಿಯ ಕೈಯನ್ನು ತಲೆಯ ಹಿಂದಿಟ್ಟು, ಸ್ವಲ್ಪ ಓರೆಯಾಗಿ ಮಲಗಿಸುತ್ತಾರೆ. ಚರ್ಮವನ್ನು ಔಷಧಿಯಿಂದ ಒರೆಸಿ ಶೇ. 2ರ ಲಿಗ್ನೊಕೇನ್ ಇಂಜೆಕ್ಷನ್ ಕೊಡುತ್ತಾರೆ, ಮೊದಲು ಚರ್ಮಕ್ಕೆ, ಆಮೇಲೆ ಗಂಟಿನವರೆಗಿನ ದಾರಿಗೆ. ಇಡೀ ಪರೀಕ್ಷೆಯಲ್ಲಿ ಉರಿಯುವುದು ಇದೊಂದೇ, ಅರ್ಧ ನಿಮಿಷ. ಎರಡು ಮೂರು ನಿಮಿಷ ಕಾದು, ಬ್ಲೇಡಿನ ತುದಿಯಿಂದ 2–3 ಮಿಮೀ ಗೀರಿ, ಅಲ್ಲಿಂದ ಸೂಜಿ ಹಾಕುತ್ತಾರೆ.

ಗನ್ ಒತ್ತಿದಾಗ ಸ್ಟೇಪ್ಲರ್ ಹೊಡೆದಂತೆ ‘ಟಕ್’ ಎಂದು ಜೋರು ಸದ್ದಾಗುತ್ತದೆ. ಬೆಚ್ಚುವುದು ಆ ಸದ್ದಿಗೇ. ಮೊದಲೇ ಒಂದು ಸಲ ಗಾಳಿಯಲ್ಲಿ ಹೊಡೆದು ಸದ್ದು ಕೇಳಿಸಿ ಎಂದು ಕೇಳಿಕೊಳ್ಳಿ. ಬೆಚ್ಚಿ ಮೈ ಅಲುಗಿದರೆ ಗುರಿ ತಪ್ಪುತ್ತದೆ. ಹಲವು ಗನ್ನುಗಳ ಸೂಜಿ ಒಂದೇ ಏಟಿಗೆ 22 ಮಿಮೀ ಮುಂದೆ ಹಾರುತ್ತದೆ. ಹಾಗಾಗಿ ಡಾಕ್ಟರು ಸೂಜಿಯನ್ನು ಎದೆಗೂಡಿಗೆ ನೇರವಾಗಿ ಹಿಡಿಯದೆ ಅಡ್ಡಲಾಗಿ, ಪಕ್ಕೆಲುಬಿಗೆ ಸಮಾಂತರವಾಗಿ ಹಿಡಿಯುತ್ತಾರೆ. ಶ್ವಾಸಕೋಶ ಸುರಕ್ಷಿತವಾಗಿರುವುದು ಈ ಕೋನದಿಂದ.

ಸಾಮಾನ್ಯವಾಗಿ 4ರಿಂದ 6 ತುಂಡು ತೆಗೆಯುತ್ತಾರೆ. ತುಂಡು ಕೆಡದಂತೆ ಇಡುವ ಫಾರ್ಮಲಿನ್ ಬಾಟಲಿಗೆ ಬಿದ್ದದ್ದನ್ನು ನೋಡಿದರೇ ಒಂದಿಷ್ಟು ಗೊತ್ತಾಗುತ್ತದೆ: ಬರೀ ಕೊಬ್ಬಿನದಾದರೆ ಹಳದಿಯಾಗಿ ತೇಲುತ್ತದೆ, ಗಟ್ಟಿ ಗಂಟಿನದಾದರೆ ಬಿಳಿಯಾಗಿ ಮುಳುಗುತ್ತದೆ. ಎಲ್ಲವೂ ತೇಲುತ್ತಿದ್ದರೆ ಅನುಭವಸ್ಥರು ಅಲ್ಲೇ ಇನ್ನೊಮ್ಮೆ ಹೊಡೆಯುತ್ತಾರೆ. ಮುಳುಗಿದ್ದೆಲ್ಲ ಕ್ಯಾನ್ಸರ್ ಎಂದಲ್ಲ; ಫೈಬ್ರೊಅಡಿನೋಮದ ತುಂಡೂ ಬಿಳಿಯಾಗಿ ಮುಳುಗುತ್ತದೆ.

ಕೊನೆಗೆ 10–15 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಇದನ್ನು ಅವಸರದಲ್ಲಿ ಮುಗಿಸಿದಲ್ಲೇ ರಕ್ತ ಹೆಪ್ಪುಗಟ್ಟಿ ನೀಲಿಗಂಟು ಆಗುವುದು. ಹೊಲಿಗೆ ಬೇಕಾಗುವುದಿಲ್ಲ.

ಕಲ್ಯಾಣದಿಂದ ಲೋಕಲ್‌ನಲ್ಲಿ ಹೋಗಿ ಅದೇ ದಿನ ವಾಪಸ್ ಬರಬಹುದಾ?

ಬರಬಹುದು, ಗರ್ದಿಯ ಹೊತ್ತು ಬಿಟ್ಟು. ಸಂಜೆಯ ಫಾಸ್ಟ್ ಲೋಕಲ್‌ನಲ್ಲಿ ಒಂದು ಮೊಣಕೈ ತಾಗಿದರೂ ರಕ್ತ ಮತ್ತೆ ಶುರುವಾದೀತು. ಬೆಳಗಿನ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಮಧ್ಯಾಹ್ನ ಕೂತು ಬನ್ನಿ. ಬಿಗಿಯಾದ ಬ್ರಾ ಹಾಕಿಕೊಂಡೇ ಮಲಗಿ, ಬಟ್ಟೆಯ ಮೇಲಿಂದ ಐಸ್ ಇಡಿ, ಒಂದು ದಿನ ನೀರಿನ ಬಕೆಟ್ ಎತ್ತಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆ ದಿನ ಬ್ರೂಫೆನ್ ಬೇಡ. ನೀಲಿ ಕಲೆ ಒಂದೆರಡು ವಾರ ಇರುತ್ತದೆ. ಗಂಟೆಯೊಳಗೆ ಬಾತುಕೊಂಡು ಬಿಗಿಯಾದರೆ, ಉಸಿರಾಟಕ್ಕೆ ತೊಂದರೆಯಾದರೆ, ಆಮೇಲೆ ಜ್ವರ ಅಥವಾ ಕೀವು ಕಂಡರೆ ಕಾಯದೆ ಹೋಗಿ. ಅಂಥ ದೊಡ್ಡ ತೊಂದರೆ ಕೋರ್ ಬಯಾಪ್ಸಿಯಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ.

ಅಕ್ಕನಿಗೆ ಎಂಟು ತಿಂಗಳ ಮಗು, ಹಾಲು ಕೊಡ್ತಾ ಇದ್ದಾಳೆ. ಮಾಡಿಸಬಹುದಾ?

ಮಾಡಿಸಬಹುದು, ಹಾಲು ಬಿಡಿಸಬೇಕಿಲ್ಲ. ಹೋಗುವ ಮುಂಚೆ ಆ ಬದಿಯ ಹಾಲು ಕುಡಿಸಿ ಖಾಲಿ ಮಾಡಿಕೊಳ್ಳಲಿ. ಸೂಜಿಯ ತೂತಿನಿಂದ ಕೆಲವು ದಿನ ಹಾಲು ಜಿನುಗುವುದು ಅಪರೂಪಕ್ಕೆ ಉಂಟು. ಬಸುರಿಯರಲ್ಲೂ ಬಾಣಂತಿಯರಲ್ಲೂ ಎಫ್‌ಎನ್‌ಎಸಿ ದಾರಿ ತಪ್ಪಿಸಬಲ್ಲದು. ಹಾಲಿಗಾಗಿ ಹಿಗ್ಗಿದ ಸಹಜ ಕೋಶಗಳೇ ಅನುಮಾನ ಹುಟ್ಟಿಸುವಂತೆ ಕಾಣುತ್ತವೆ. ಕೋರ್ ಕೇಳಿ, ಮತ್ತು ಲ್ಯಾಬಿನ ಫಾರಂನಲ್ಲಿ ‘ಹಾಲೂಡಿಸುತ್ತಿದ್ದಾರೆ’ ಎಂದು ಬರೆಸಿ.

ಬಾಟಲಿಯನ್ನು ನೀವೇ ಲ್ಯಾಬಿಗೆ ತಲುಪಿಸಿ ಅಂದರು. ಮಳೆಗೆ ಟ್ರೇನ್ ನಿಂತರೆ ಹಾಳಾಗುತ್ತಾ?

ಸರಿಯಾದ ದ್ರವದಲ್ಲಿದ್ದರೆ ಹಾಳಾಗದು. ನೋಡಬೇಕಾದ್ದು ಇಷ್ಟು.

ದ್ರವ ಶೇ. 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಆಗಿರಬೇಕು, ತುಂಡಿನ ಹತ್ತು ಪಟ್ಟಾದರೂ ಇರಬೇಕು. ಮೂಗಿಗೆ ಚುರುಗುಟ್ಟುವ ವಾಸನೆ ಇಲ್ಲದಿದ್ದರೆ ಸಲೈನ್ ಹಾಕಿದ್ದಾರೋ ಎಂದು ಕೇಳಿ. ಸಲೈನ್‌ನಲ್ಲಿ ರಾತ್ರಿ ಕಳೆದ ತುಂಡು ಕೊಳೆಯಲು ತೊಡಗುತ್ತದೆ, ಮುಂದೆ ಹಾರ್ಮೋನ್ ಪರೀಕ್ಷೆ ಸುಳ್ಳು ಹೇಳುತ್ತದೆ. ಹೆಸರು, ಯಾವ ಬದಿ, ತೆಗೆದ ತಾರೀಖು, ಸಮಯ ಇವು ಬಾಟಲಿಯ ಮೈಮೇಲಿರಬೇಕು. ಮುಚ್ಚಳದ ಮೇಲೆ ಬರೆದದ್ದು ಬರೆದಂತಲ್ಲ; ಲ್ಯಾಬಿನಲ್ಲಿ ಮುಚ್ಚಳಗಳು ಅದಲುಬದಲಾಗುತ್ತವೆ. ಐಸ್, ಫ್ರಿಜ್ ಬೇಡ.

ಫಾರ್ಮಲಿನ್‌ನಲ್ಲಿ ತುಂಡು ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕೆಂಬುದು ಹಾರ್ಮೋನ್ ಪರೀಕ್ಷೆಗಳ ನಿಯಮ. ಜುಲೈನಲ್ಲಿ ಹಳಿಯ ಮೇಲೆ ನೀರು ನಿಂತು ಒಂದು ದಿನ ತಡವಾದರೆ ಚಿಂತೆಯಿಲ್ಲ. ಗಣಪತಿ ವಿಸರ್ಜನೆಗೆ ಭಾನುವಾರ ಸೇರಿ ಲ್ಯಾಬು ಮೂರು ದಿನ ಮುಚ್ಚುವುದಿದ್ದರೆ ಅದರ ಹಿಂದಿನ ಸಂಜೆ ಬಯಾಪ್ಸಿ ಇಟ್ಟುಕೊಳ್ಳಬೇಡಿ.

## ಯಾವುದು, ಯಾವಾಗ

ಎಫ್‌ಎನ್‌ಎಸಿ ಅಗ್ಗ, ಒಂದೆರಡು ದಿನದಲ್ಲಿ ರಿಪೋರ್ಟ್ ಬರುತ್ತೆ. ಅದೇ ಸಾಲದಾ?

ಕೆಲವು ಕಡೆ ಸಾಕು. ನೀರುಗುಳ್ಳೆಗೆ ಅದೇ ಪರೀಕ್ಷೆ, ಅದೇ ಚಿಕಿತ್ಸೆ: ನೀರು ಎಳೆದಾಗ ಗುಳ್ಳೆ ಪೂರಾ ಇಳಿದು, ನೀರು ಹಳದಿಯೋ ಹಸಿರೋ ಆಗಿ ತಿಳಿಯಾಗಿದ್ದರೆ ಅಲ್ಲಿಗೆ ಮುಗಿಯಿತು. ರಕ್ತ ಬೆರೆತಿದ್ದರೆ, ಇಳಿದ ಮೇಲೂ ಗಟ್ಟಿ ಭಾಗ ಉಳಿದರೆ ಮುಂದುವರಿಯಬೇಕು.

ಗಟ್ಟಿ ಗಂಟಿಗೆ ಮಾತ್ರ ಎಫ್‌ಎನ್‌ಎಸಿಯ ಮಿತಿ ದೊಡ್ಡದು. ಬಿಡಿ ಕೋಶ ನೋಡಿ ‘ಕ್ಯಾನ್ಸರ್ ಕೋಶ’ ಎನ್ನಬಹುದು. ಅದು ಹಾಲಿನ ನಾಳದೊಳಗೇ ಇದೆಯೋ ಗೋಡೆ ಒಡೆದು ಹೊರಗೆ ಬಂದಿದೆಯೋ ಹೇಳಲು ಗೋಡೆಯೇ ಕಾಣದು. ಫೈಬ್ರೊಅಡಿನೋಮವನ್ನೂ ಬೇಗ ಬೆಳೆಯುವ ಫಿಲ್ಲೋಡಿಸ್ ಗಂಟನ್ನೂ ಬೇರ್ಪಡಿಸುವುದು ಕಷ್ಟ. ಹಾಲಿನ ಗ್ರಂಥಿಯಲ್ಲಿ ಹುಟ್ಟುವ ಲೋಬ್ಯುಲರ್ ಕ್ಯಾನ್ಸರಿನ ಕೋಶಗಳು ಸಣ್ಣವು, ಚದುರಿದವು. ಸಣ್ಣ ಸೂಜಿಗೆ ಬರುವುದೇ ಕಡಿಮೆ. ಅಗ್ಗವೆಂದು ಮಾಡಿಸಿ ಆಮೇಲೆ ಹೇಗೂ ಕೋರ್ ಮಾಡಿಸಬೇಕಾದರೆ ಹಣವೂ ಹೋಯಿತು, ವಾರವೂ ಹೋಯಿತು. ಕ್ಯಾನ್ಸರ್ ಅನುಮಾನ ಇರುವ ಗಟ್ಟಿ ಗಂಟಿಗೆ ನೇರವಾಗಿ ಕೋರ್ ಎಂಬುದೇ ನಮ್ಮ ಸಲಹೆ.

ಗಂಟು ಕೈಗೇ ಸಿಗ್ತದಲ್ಲ, ಸೋನೋಗ್ರಫಿ ಹಿಡಿದು ಯಾಕೆ ಹಾಕಬೇಕು?

ಬೆರಳಿಗೆ ಸಿಗುವ ಗಂಟೂ ಸೂಜಿ ತಾಗಿದಾಗ ಜಾರುತ್ತದೆ. ದೊಡ್ಡ ಗಂಟಿನ ನಡುಭಾಗ ಸತ್ತ ಮಾಂಸವಾಗಿದ್ದರೆ ಅಲ್ಲಿಂದ ತೆಗೆದ ತುಂಡಿನಿಂದ ಏನೂ ತಿಳಿಯದು. ಅಂಚಿನ ಜೀವಂತ ಭಾಗಕ್ಕೆ ಗುರಿಯಿಡಬೇಕು. ಸೋನೋಗ್ರಫಿಯಲ್ಲಿ ಸೂಜಿ ಗಂಟಿನೊಳಗೆ ಹೋದದ್ದು ಕಾಣುತ್ತದೆ, ಆ ಚಿತ್ರ ದಾಖಲೆಯಾಗಿಯೂ ಉಳಿಯುತ್ತದೆ. ಮ್ಯಾಮೊಗ್ರಫಿ, ಬೇಕಿದ್ದರೆ ಎಂಆರ್‌ಐ, ಸೂಜಿಗಿಂತ ಮೊದಲೇ ಆಗಿರಲಿ. ಹೆಪ್ಪುಗಟ್ಟಿದ ರಕ್ತ ಆಮೇಲೆ ಚಿತ್ರವನ್ನು ಕಲಸುತ್ತದೆ.

ಮ್ಯಾಮೊಗ್ರಫಿಯಲ್ಲಿ ಬರೀ ಸುಣ್ಣದ ಚುಕ್ಕೆ ಕಂಡಿದೆ, ಗಂಟೇ ಇಲ್ಲ. ವ್ಯಾಕ್ಯೂಮ್ ಮಾಡಿಸಿ ಅಂತಾರೆ, ದುಬಾರಿ. ಟ್ರುಕಟ್ ಆಗಲ್ವಾ?

ವ್ಯಾಕ್ಯೂಮ್ ತನ್ನ ಬೆಲೆಗೆ ಯೋಗ್ಯವಾಗುವುದು ಇಲ್ಲೇ. ರವೆಯಂಥ ಸಣ್ಣ ಚುಕ್ಕೆಗಳು ಸೋನೋಗ್ರಫಿಯಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಸ್ಟೀರಿಯೊಟ್ಯಾಕ್ಟಿಕ್ ಯಂತ್ರ ಎರಡು ಕೋನಗಳಿಂದ ಎಕ್ಸ್‌ರೇ ತೆಗೆದು ಆಳ ಲೆಕ್ಕ ಹಾಕುತ್ತದೆ. ಸ್ತನವನ್ನು ಒತ್ತಿ ಹಿಡಿದಿರುವಾಗಲೇ ಸೂಜಿ ಹೋಗುತ್ತದೆ. ಚುಕ್ಕೆಗಳು ಚದುರಿರುವುದರಿಂದ ಸಣ್ಣ ಕೋರ್ ನಡುವಿನ ಜಾಗದಿಂದ ಬಂದುಬಿಡಬಹುದು, ಅಥವಾ ರೋಗದ ಸಣ್ಣ ತುದಿಯನ್ನು ಮಾತ್ರ ತಂದು ನಿಜವಾದ ತೀವ್ರತೆಯನ್ನು ಮುಚ್ಚಿಡಬಹುದು.

ತೆಗೆದ ತುಂಡುಗಳಿಗೂ ಎಕ್ಸ್‌ರೇ ಮಾಡಿ ಚುಕ್ಕೆ ಬಂದಿದೆಯೇ ನೋಡಬೇಕು. ನೀವು ಮೇಜಿನಿಂದ ಏಳುವ ಮುಂಚೆ "ತುಂಡಿನ ಎಕ್ಸ್‌ರೇಯಲ್ಲಿ ಚುಕ್ಕೆ ಬಂತಾ?" ಎಂದು ಕೇಳಿ. ಬಾರದಿದ್ದರೆ ‘ಕ್ಯಾನ್ಸರ್ ಇಲ್ಲ’ ಎಂಬ ರಿಪೋರ್ಟಿಗೆ ಅರ್ಥವಿಲ್ಲ. ಈ ಯಂತ್ರ ಎಲ್ಲ ಕಡೆ ಇಲ್ಲ. ಫೋನ್ ಮಾಡಿ ವಿಚಾರಿಸಿಯೇ ಹೋಗಿ. ಅದೇ ಬದಲಾವಣೆ ಸೋನೋಗ್ರಫಿಯಲ್ಲೂ ಸ್ಪಷ್ಟವಾಗಿ ಕಂಡರೆ ಕೋರ್‌ನಲ್ಲೇ ಮುಗಿಸಬಹುದು.

ಒಳಗೆ ಕ್ಲಿಪ್ ಬಿಟ್ಟಿದ್ದೀವಿ ಅಂದರು. ತೊಂದರೆ ಇಲ್ವಾ?

ಎಳ್ಳಿನಷ್ಟು ಗಾತ್ರದ, ಹೆಚ್ಚಾಗಿ ಟೈಟಾನಿಯಂನ ಗುರುತು. ಒಳಗಿದೆ ಎಂದೇ ತಿಳಿಯುವುದಿಲ್ಲ, ಎಂಆರ್‌ಐಗೂ ಅಡ್ಡಿಯಿಲ್ಲ. ವ್ಯಾಕ್ಯೂಮ್‌ನಲ್ಲಿ ಚುಕ್ಕೆಯೆಲ್ಲ ಹೊರಬಂದರೆ, ಕೀಮೋಗೆ ಗಂಟು ಕರಗಿಹೋದರೆ, ಸರ್ಜನ್‌ಗೆ ಜಾಗ ತೋರಿಸುವುದು ಅದೊಂದೇ.

ಟಿಬಿಯೂ ಇರಬಹುದು ಅಂತಿದ್ದಾರೆ. ಸ್ತನಕ್ಕೂ ಟಿಬಿ ಬರುತ್ತಾ?

ಬರುತ್ತದೆ, ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ವಾಸಿಯಾಗದ ಬಾವು, ಸೋರುವ ಗಾಯ, ಗಟ್ಟಿ ಗಂಟು ಹೀಗೆ ಹಲವು ರೂಪದಲ್ಲಿ ಕ್ಯಾನ್ಸರಿನಂತೆಯೇ ಕಾಣುತ್ತದೆ. ಇಂಥಲ್ಲಿ ಒಂದು ತುಂಡನ್ನು ಸಲೈನ್‌ನಲ್ಲಿ ಬೇರೆಯಾಗಿ ಇಟ್ಟು, ತಡಮಾಡದೆ ಟಿಬಿ ರೋಗಾಣುವಿನ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಮತ್ತು ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರಿಗೆ ಕಳಿಸಬೇಕು. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸಾಯುತ್ತದೆ, ಕಲ್ಚರ್ ಬೆಳೆಯದು. ಎರಡು ಬಾಟಲಿ ಬೇಕೆಂದು ಮೊದಲೇ ಹೇಳಿ.

## ರಿಪೋರ್ಟ್ ಬಂದ ಮೇಲೆ

ಬೈರಾಡ್ಸ್ 4ಎ ಅಂತ ಬರೆದಿದ್ದಾರೆ. ಇದು ನಾಲ್ಕನೇ ಸ್ಟೇಜಾ?

ಅಲ್ಲವೇ ಅಲ್ಲ. ಬೈರಾಡ್ಸ್ ಚಿತ್ರ ನೋಡಿ ಹೇಳಿದ ಅನುಮಾನದ ಅಳತೆ. ಸ್ಟೇಜಿಗೂ ಅದಕ್ಕೂ ಸಂಬಂಧವಿಲ್ಲ. 3 ಎಂದರೆ ಕ್ಯಾನ್ಸರ್ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ಚಿತ್ರ. 4ಎ ಶೇ. 2ರಿಂದ 10, 4ಬಿ 10ರಿಂದ 50, 4ಸಿ 50ರಿಂದ 95, 5 ಎಂದರೆ 95ಕ್ಕೂ ಮೇಲೆ. 4 ಮತ್ತು 5ಕ್ಕೆ ಬಯಾಪ್ಸಿ ಬೇಕೇ ಬೇಕು. 4ಎ ಬಂದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ.

ಬಯಾಪ್ಸಿ ನೆಗೆಟಿವ್ ಬಂತು, ದೇವರಿಗೆ ತುಪ್ಪದ ದೀಪವೂ ಹಚ್ಚಿದೆವು. ಈಗ ಡಾಕ್ಟರು ಮತ್ತೆ ಬಯಾಪ್ಸಿ ಅಂತಾರೆ. ಯಾರನ್ನ ನಂಬೋದು?

ಡಾಕ್ಟರನ್ನು ನಂಬಿ, ಅವರು ಮಾಡುತ್ತಿರುವುದು ಒಳ್ಳೆಯ ವೈದ್ಯರು ಮಾಡಬೇಕಾದ ಕೆಲಸ. ಸೂಜಿ ಹೇಳುವುದು ಅದು ಮುಟ್ಟಿದ ಜಾಗದ ಸುದ್ದಿಯನ್ನು ಮಾತ್ರ. ಚಿತ್ರದಲ್ಲಿ ಮುಳ್ಳುಮುಳ್ಳಾದ ಅಂಚಿನ ಗಂಟು ಕಂಡು ಬೈರಾಡ್ಸ್ 5 ಕೊಟ್ಟಿದ್ದು, ಕೋರ್‌ನಲ್ಲಿ ‘ಸಹಜ ಸ್ತನದ ಮಾಂಸ’ ಎಂದು ಬಂದರೆ, ಸೂಜಿ ಗಂಟನ್ನು ತಪ್ಪಿಸಿಕೊಂಡಿದೆ ಎಂದೇ ಮೊದಲು ತಿಳಿಯಬೇಕು. ಇಪ್ಪತ್ತೆರಡರ ಹುಡುಗಿಯ ನುಣುಪಾದ, ಮೊಟ್ಟೆಯಾಕಾರದ ಗಂಟಿನಿಂದ ‘ಫೈಬ್ರೊಅಡಿನೋಮ’ ಬಂದರೆ ಅದು ಚಿತ್ರಕ್ಕೆ ಹೊಂದುತ್ತದೆ, ನೆಮ್ಮದಿಯಾಗಿರಬಹುದು.

ಹಾಗಾಗಿ ‘ಕ್ಯಾನ್ಸರ್ ಇಲ್ಲ’ ಎಂಬ ಸಾಲಿನ ಜೊತೆಗೆ ಎರಡು ವಿಷಯ ನೋಡಿ: ಗಂಟಿಗೆ ಒಂದು ಹೆಸರು ಕೊಟ್ಟಿದ್ದಾರೆಯೇ, ಆ ಹೆಸರು ಚಿತ್ರದ ಗಂಟನ್ನು ವಿವರಿಸುತ್ತದೆಯೇ. ಸೂಜಿ ಹಾಕಿದ ರೇಡಿಯಾಲಜಿಸ್ಟ್ ಬಳಿಗೇ ಪೆಥಾಲಜಿ ರಿಪೋರ್ಟ್ ಒಯ್ದು "ಇದು ನಿಮ್ಮ ಚಿತ್ರಕ್ಕೆ ಹೊಂದುತ್ತದಾ?" ಎಂದು ಕೇಳಿ. ನಮ್ಮ ನಗರಗಳಲ್ಲಿ ಸೋನೋಗ್ರಫಿ ಒಂದು ಕಡೆ, ಲ್ಯಾಬು ಇನ್ನೊಂದು ಕಡೆ, ಸರ್ಜನ್ ಮತ್ತೊಂದು ಕಡೆ ಇರುವುದರಿಂದ ಈ ಒಂದು ಮಾತು ಯಾರೂ ಆಡದೆ ಉಳಿದುಬಿಡುತ್ತದೆ. ತಡವಾದ ಪತ್ತೆಗಳ ಹಿಂದೆ ಈ ಬಿಟ್ಟುಹೋದ ಮಾತು ಇರುವುದುಂಟು.

ಕೋರ್ ರಿಪೋರ್ಟಿನಲ್ಲಿ ‘ಬಿ3’ ಅಂತಿದೆ. ಇದೂ ಅಲ್ಲ, ಅದೂ ಅಲ್ಲ ಅಂತಾರಲ್ಲ?

ಬಿ1 ಸಹಜ ಮಾಂಸ, ಬಿ2 ಸಾದಾ ಗಂಟು, ಬಿ4 ಬಲವಾದ ಅನುಮಾನ, ಬಿ5 ಕ್ಯಾನ್ಸರ್. ಅದರಲ್ಲಿ 5ಎ ನಾಳದೊಳಗಿನದು, 5ಬಿ ಹೊರಗೆ ಹರಡಿದ್ದು. ಬಿ3 ಎಂದರೆ ಈ ತುಂಡಿನಲ್ಲಿ ಕ್ಯಾನ್ಸರ್ ಇಲ್ಲ, ಪಕ್ಕದಲ್ಲಿ ಇಲ್ಲವೆಂದು ಹೇಳುವಂತಿಲ್ಲ. ನಾಳದ ಕೋಶಗಳು ಅಸಹಜವಾಗಿ ಹೆಚ್ಚಿದ ಎಟಿಪಿಕಲ್ ಡಕ್ಟಲ್ ಹೈಪರ್‌ಪ್ಲೇಸಿಯಾ, ಪ್ಯಾಪಿಲ್ಲೋಮ, ರೇಡಿಯಲ್ ಸ್ಕಾರ್, ಫಿಲ್ಲೋಡಿಸ್ ಅನುಮಾನ ಈ ಗುಂಪಿನವು. ಮೊದಲನೆಯದನ್ನು ಸಾಮಾನ್ಯವಾಗಿ ಕೊಯ್ದು ತೆಗೆಯುತ್ತಾರೆ. ಸಣ್ಣ ಪ್ಯಾಪಿಲ್ಲೋಮದಂಥವನ್ನು ವ್ಯಾಕ್ಯೂಮ್‌ನಲ್ಲೇ ಪೂರಾ ತೆಗೆಯಬಹುದು.

ಕಂಕುಳ ಗಂಟಿಗೆ ಎಫ್‌ಎನ್‌ಎಸಿ ಸಾಕು ಅಂದರು. ಸ್ತನಕ್ಕೆ ಸಾಲದು ಅಂದಿರಲ್ಲ?

ಪ್ರಶ್ನೆ ಬೇರೆ. ಕಂಕುಳ ಗ್ರಂಥಿಯಲ್ಲಿ ಸ್ತನದ ಕೋಶ ಇರಲೇಬಾರದು. ಕ್ಯಾನ್ಸರ್ ಕೋಶಗಳ ಒಂದು ಗುಂಪು ಕಂಡರೂ ಹರಡಿದೆ ಎಂದು ಹೇಳಲು ಸಾಕು. ಏನೂ ಸಿಗದಿದ್ದರೆ ಹರಡಿಲ್ಲ ಎಂದಾಗದು, ಆಪರೇಷನ್ ಹೊತ್ತಿಗೆ ಸೆಂಟಿನೆಲ್ ಗ್ರಂಥಿ, ಅಂದರೆ ಸ್ತನದಿಂದ ಹರಿದದ್ದು ಮೊದಲು ತಲುಪುವ ಗ್ರಂಥಿ, ನೋಡಬೇಕು.

ಇಆರ್, ಪಿಆರ್, ಹರ್-2ಗೆ ಮತ್ತೆ ದುಡ್ಡು ಕೇಳ್ತಾರೆ. ಆಪರೇಷನ್ ಆದ ಮೇಲೆ ಮಾಡಿಸಿದರೆ ಆಗಲ್ವಾ?

ಮೊದಲೇ ಬೇಕು. ಇಆರ್, ಪಿಆರ್ ಎಂದರೆ ಗಂಟಿನ ಕೋಶಗಳು ಹಾರ್ಮೋನಿಗೆ ಸ್ಪಂದಿಸುತ್ತವೆಯೇ ಎಂದು ನೋಡುವ ಪರೀಕ್ಷೆ; ಹರ್-2 ಕೋಶಗಳನ್ನು ಬೆಳೆಸುವ ಒಂದು ಪ್ರೋಟೀನಿನದು. ಮೊದಲು ಕೀಮೋವೋ ಆಪರೇಷನ್ನೋ ಎಂಬ ನಿರ್ಧಾರವೇ ಇದರ ಮೇಲೆ ನಿಂತಿದೆ. ಕೀಮೋಗೆ ಗಂಟು ಪೂರಾ ಕರಗಿದರೆ ಆಮೇಲೆ ಪರೀಕ್ಷಿಸಲು ತುಂಡೇ ಇರುವುದಿಲ್ಲ. ಇಆರ್ ಶೇ. 1 ಅಥವಾ ಹೆಚ್ಚಿದ್ದರೆ ಪಾಸಿಟಿವ್. ಹರ್-2 ಫಲಿತಾಂಶ 3+ ಆದರೆ ಪಾಸಿಟಿವ್. 2+ ಆದರೆ ಇನ್ನೂ ತೀರ್ಮಾನವಾಗಿಲ್ಲ, ಕೋಶದಲ್ಲಿ ಹರ್-2 ಜೀನ್ ಎಷ್ಟಿದೆ ಎಂದು ಎಣಿಸುವ ಫಿಶ್ ಪರೀಕ್ಷೆ ಬೇಕು.

ಹೊರಗೆ ಬಯಾಪ್ಸಿ ಮಾಡಿಸಿ ಟಾಟಾಕ್ಕೆ ಹೋದರೆ ಅಲ್ಲಿ ಮತ್ತೆ ಸೂಜಿ ಹಾಕ್ತಾರಾ?

ಪರೇಲಿನ ಟಾಟಾ ಮೆಮೋರಿಯಲ್ ಆಗಲಿ, ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜ್ ಆಗಲಿ, ದೊಡ್ಡ ಆಸ್ಪತ್ರೆಗೆ ಹೋಗುವಾಗ ಹೊರಗಿನ ಕಾಗದದ ರಿಪೋರ್ಟನ್ನು ಮಾತ್ರ ಹಿಡಿದು ಹೋಗಬೇಡಿ. ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಅಲ್ಲಿನ ಪೆಥಾಲಜಿಸ್ಟ್ ನೋಡುವಂತಿರಬೇಕು. ತುಂಡು ಸಾಕಷ್ಟಿದ್ದು ಸರಿಯಾಗಿ ಫಾರ್ಮಲಿನ್ ಕಂಡಿದ್ದರೆ ಹೆಚ್ಚಾಗಿ ಮತ್ತೆ ಸೂಜಿ ಬೇಕಾಗದು. ಎಫ್‌ಎನ್‌ಎಸಿ ಮಾತ್ರ ಆಗಿದ್ದರೆ ಕೋರ್ ಮಾಡುತ್ತಾರೆ.

ಬ್ಲಾಕ್ ಎಂದರೆ ಮೇಣದಲ್ಲಿ ಕೂಡಿಸಿದ ನಿಮ್ಮ ತುಂಡು, ಬೆಂಕಿಪೊಟ್ಟಣದ ಅರ್ಧದಷ್ಟಿರುವ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ. ಲ್ಯಾಬಿಗೆ ಲಿಖಿತವಾಗಿ ಕೇಳಿ ಪಡೆಯಬಹುದು. ಅದರ ಮೇಲಿನ ನಂಬರು ರಿಪೋರ್ಟಿನ ನಂಬರಿಗೆ ಸರಿಹೊಂದುತ್ತದೆಯೇ ಕೌಂಟರಿನಲ್ಲೇ ನೋಡಿಕೊಳ್ಳಿ. ಸ್ಲೈಡುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬ್ಲಾಕನ್ನು ಬೇರೆ ಚಿಕ್ಕ ಡಬ್ಬಿಯಲ್ಲಿ ಇಟ್ಟು ಕೈಚೀಲದಲ್ಲೇ ಒಯ್ಯಿರಿ. ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.